ವಲಸಿಗರ ಕೇರಿಗಳು: ಇಷ್ಟದಿಂದಲೋ, ಅನಿವಾರ್ಯದಿಂದಲೋ?

ಪ್ರಶ್ನೆ: ಇತಿಹಾಸ ವಿದ್ಯಾರ್ಥಿನಿ, ಮಡಿಕೇರಿ
ಎಲ್ಲರಿಗೂ ನಮಸ್ಕಾರ. 19ನೇ ಶತಮಾನದ ಅಮೆರಿಕದ ವಲಸಿಗರ ಕೇರಿಗಳ ಬಗ್ಗೆ ಸೆಮಿನಾರಿಗೆ ಸಿದ್ಧಳಾಗುತ್ತಿದ್ದೇನೆ: ನ್ಯೂಯಾರ್ಕಿನ ‘ಪುಟ್ಟ ಜರ್ಮನಿ’, ಷಿಕಾಗೋದಲ್ಲಿ ಚೆಕ್ ಜನರಿದ್ದ ಪಿಲ್ಸೆನ್, ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್. ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದ ನನ್ನ ಅಜ್ಜಿ, ಒಂದು ಸಾಲಿನಲ್ಲಿ ತಮಿಳು, ಇನ್ನೊಂದು ಸಾಲಿನಲ್ಲಿ ತುಳು ಕೇಳಿಸುತ್ತಿತ್ತು ಎನ್ನುತ್ತಾರೆ. ಅಮೆರಿಕದ ವಲಸಿಗರು ಹೀಗೆ ಗುಂಪಾಗಿ ನೆಲೆಸಿದ್ದು ಇಷ್ಟದಿಂದಲೋ, ಅನಿವಾರ್ಯದಿಂದಲೋ?

ಉತ್ತರ: ನಿವೃತ್ತ ಅಧ್ಯಾಪಕ, ವಿರಾಜಪೇಟೆ
ಮೊದಲು ಕೆಲಸದ ಜಾಗವನ್ನು ನೋಡಿ. ವಿದ್ಯುತ್ ಟ್ರಾಮ್ ಹರಡಿದ್ದು 1880ರ ದಶಕದ ಕೊನೆಯ ನಂತರ. ಅಲ್ಲಿಯವರೆಗೆ ದಿನಗೂಲಿಯವನು ಹಡಗುಕಟ್ಟೆಗೋ ಕಾರ್ಖಾನೆಗೋ ನಡೆದೇ ಹೋಗಬೇಕಿತ್ತು, ಆದ್ದರಿಂದ ಎಷ್ಟೇ ಇಕ್ಕಟ್ಟಾದರೂ ಹತ್ತಿರದ ಬಾಡಿಗೆ ಕೋಣೆಯೇ ಗತಿಯಾಗಿತ್ತು. ಯಾವ ಬೀದಿಯ ಕೋಣೆ ಎಂಬುದನ್ನು ಬಹಳ ಸಲ ನಿರ್ಧರಿಸುತ್ತಿದ್ದುದು ಮೊದಲೇ ಬಂದಿದ್ದ ನೆಂಟರ ಕಾಗದ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಕ್ಷಾಮ ಬಂದ ಮೇಲೆ ಹೊರಟ ಐರಿಷ್ ಕುಟುಂಬಗಳಲ್ಲಿ, ಒಬ್ಬರು ಮೊದಲು ಹೋಗಿ, ದುಡಿದು, ಉಳಿದವರ ಹಡಗಿನ ಟಿಕೆಟಿಗೆ ಹಣ ಕಳುಹಿಸುವುದು ಸಾಮಾನ್ಯವಾಗಿತ್ತು. ಇಟಲಿಯ ಕೂಲಿಗಳಿಗೆ ಕೆಲಸ ಹುಡುಕಿಕೊಡುತ್ತಿದ್ದ ‘ಪದ್ರೋನೆ’ಯಂತೂ ನಮ್ಮ ತೋಟದ ಮೇಸ್ತ್ರಿಯನ್ನೇ ನೆನಪಿಸುತ್ತಾನೆ. ಆದರೂ ಕೇರಿ ಎಂದರೆ ಒಂದೇ ನಾಡಿನವರದ್ದು ಎಂದು ತಿಳಿಯಬೇಡಿ: ಷಿಕಾಗೋದಲ್ಲಿ ವಲಸಿಗರ ನಡುವೆಯೇ ಇದ್ದು ಸೇವೆ ಮಾಡುತ್ತಿದ್ದ ಹಲ್ ಹೌಸ್ ಸಂಸ್ಥೆಯವರು 1895ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ, ಚದರ ಮೈಲಿಯ ಮೂರನೇ ಒಂದು ಭಾಗಕ್ಕಿಂತ ಚಿಕ್ಕ ಜಾಗದಲ್ಲಿ 18 ದೇಶಗಳ ಜನರಿದ್ದಾರೆ.

ಉತ್ತರ: ವಕೀಲೆ, ಕುಶಾಲನಗರ
ಸರ್ ಹೇಳಿದ್ದು ಯೂರೋಪಿನವರಿಗೆ ಒಪ್ಪುತ್ತದೆ. ಚೀನೀಯರ ಕಥೆಯನ್ನು ಅದರ ಜೊತೆ ಸೇರಿಸಿದರೆ ಅವರಿಗೆ ಅನ್ಯಾಯವಾಗುತ್ತದೆ. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಅನುಮತಿ ಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ 1880ರಲ್ಲಿ ನಿಯಮ ಮಾಡಿತು. ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಯಾರಿಗೂ ಅನುಮತಿ ಸಿಗಲಿಲ್ಲ. ಚೀನೀಯರಲ್ಲದ ಸುಮಾರು 80 ಅರ್ಜಿದಾರರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಇದು ತಾರತಮ್ಯವೆಂದು 1886ರ ಯಿಕ್ ವೋ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಿಜ; ಆದರೆ ಚೀನೀ ಕೂಲಿಗಳ ಪ್ರವೇಶವನ್ನೇ ನಿಷೇಧಿಸಿದ 1882ರ ಕಾಯ್ದೆ ಜಾರಿಯಲ್ಲೇ ಇತ್ತು. ಹೊರಗೆ ಹಲ್ಲೆಯ ಭಯವಿದ್ದವರಿಗೆ ಚೈನಾಟೌನ್ ಆಸರೆಯೂ ಆಗಿತ್ತು, ಗಡಿಯೂ ಆಗಿತ್ತು.

ಉತ್ತರ: ಬೆಳೆಗಾರ, ಸಿದ್ದಾಪುರ
ಲೈನ್ ಮನೆಯ ಹೋಲಿಕೆಯ ಬಗ್ಗೆ ಒಂದು ಮಾತು. ಲೈನ್ ಮನೆ ತೋಟದ ಮಾಲೀಕರದ್ದು, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ನ್ಯೂಯಾರ್ಕಿನ ಬಾಡಿಗೆದಾರನಿಗೆ ಮನೆಯೊಡೆಯ ಬೇರೆ, ಕೆಲಸ ಕೊಟ್ಟವನು ಬೇರೆ. ಲೈನ್ ಮನೆಗೆ ನಿಜವಾದ ಜೋಡಿ ಷಿಕಾಗೋ ಬಳಿಯ ಪುಲ್‌ಮನ್: ರೈಲುಬೋಗಿ ಕಾರ್ಖಾನೆಯವರು ತಮ್ಮ ಕೆಲಸಗಾರರಿಗಾಗಿ 1880ರಲ್ಲಿ ಕಟ್ಟಲು ತೊಡಗಿದ ಊರು. 1893ರ ಆರ್ಥಿಕ ಕುಸಿತದಲ್ಲಿ ಕೂಲಿ ಇಳಿಸಿದ ಕಂಪನಿ ಮನೆಬಾಡಿಗೆಯನ್ನು ಇಳಿಸಲಿಲ್ಲ, ಮರುವರ್ಷ ದೊಡ್ಡ ಮುಷ್ಕರವಾಯಿತು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಚೈನಾಟೌನನ್ನು ಪ್ರತ್ಯೇಕ ಭಾಗವಾಗಿ ಬರೆಯುತ್ತೇನೆ, ಪುಲ್‌ಮನ್ ಊರನ್ನೂ ಸೇರಿಸುತ್ತೇನೆ. ಅಜ್ಜಿಯ ಸಾಲುಗಳನ್ನು ಭಾಷೆಗೆ ತಕ್ಕಂತೆ ಹಂಚಿದವರು ಮೇಸ್ತ್ರಿಯೋ, ಅಲ್ಲಿದ್ದವರೇ ಹಾಗೆ ಸೇರಿಕೊಂಡರೋ ಎಂದು ಈ ಭಾನುವಾರ ಅವರನ್ನೇ ಕೇಳುತ್ತೇನೆ.