ವಿರಾಜಪೇಟೆಯಲ್ಲಿ ಕೊಡವ ಮದುವೆ: ಫೋಟೋಗ್ರಾಫರ್‌ಗೆ ಅಡ್ವಾನ್ಸ್ ಕೊಡುವ ಮೊದಲು ಏನು ಕೇಳಬೇಕು?

ಕಾಫಿಹೂ:
ಏಪ್ರಿಲ್ ಕೊನೆಯ ವಾರ ತಂಗಿಯ ಮದುವೆ. ಬೆಳಗ್ಗೆ ಅವಳ ಮುಹೂರ್ತ ವಿರಾಜಪೇಟೆ ಕೊಡವ ಸಮಾಜದ ಹಾಲ್‌ನಲ್ಲಿ, ಹುಡುಗನದು ನಾಪೋಕ್ಲಿನ ಅವರ ಮನೆಯಲ್ಲಿ. ಮಧ್ಯಾಹ್ನದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸುವ ದಂಪತಿ ಮುಹೂರ್ತ ಸಮಾಜದಲ್ಲೇ. ರಾತ್ರಿ ಗಂಗಾಪೂಜೆ, ಅಂದರೆ ಮದುಮಗಳು ಬಾವಿಗೆ ಪೂಜೆ ಮಾಡಿ ನೀರು ತರುವುದು, ಹುಡುಗನ ಮನೆಯಲ್ಲಿ. ಎರಡೂ ಕಡೆಯವರು ಸೇರಿ ಒಬ್ಬರಿಗೇ ಕೆಲಸ ಕೊಡೋಣ ಅಂತಿದ್ದೇವೆ. ಬೆಂಗಳೂರಿನ ತಂಡವೊಂದರ ಇನ್‌ಸ್ಟಾಗ್ರಾಂ ಬಹಳ ಚೆನ್ನಾಗಿದೆ, ಡ್ರೋನ್ ಉಚಿತ ಅಂತಾರೆ. ಗೋಣಿಕೊಪ್ಪದ ಸ್ಟುಡಿಯೋದವರ ರೇಟು ಕಡಿಮೆ. ಯಾರನ್ನು ಹಿಡಿಯಲಿ?

ನೆರಳುಬೆಳಕು:
ಯಾರು ಎನ್ನುವ ಮೊದಲು ಎಷ್ಟು ಜನ ಎನ್ನುವುದನ್ನು ತೀರ್ಮಾನಿಸಿ. ನೀವು ಬರೆದಿರುವ ಪ್ರಕಾರ ಎರಡು ಮುಹೂರ್ತ ಒಂದೇ ಹೊತ್ತಿಗೆ ಎರಡು ಊರಲ್ಲಿ. ಹಾಗಾಗಿ ಎರಡೂ ಕಡೆ ಒಬ್ಬ ಸ್ಟಿಲ್, ಒಬ್ಬ ವಿಡಿಯೋ ಇರಲೇಬೇಕು, ಅಂದರೆ ಕಡಿಮೆಯೆಂದರೂ ನಾಲ್ಕು ಜನ. ಕೊಟೇಷನ್‌ನಲ್ಲಿ "ಟೀಮ್" ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಯಾರು ಎಲ್ಲಿ, ಎಷ್ಟು ಗಂಟೆಗೆ ಎಂದು ಬರೆಸಿಕೊಳ್ಳಿ.

ಇನ್‌ಸ್ಟಾಗ್ರಾಂ ನೋಡಿ ನಿರ್ಧಾರ ಮಾಡಬೇಡಿ. ಅಲ್ಲಿರುವುದು ಹತ್ತು ಮದುವೆಯಿಂದ ಆರಿಸಿದ ಹತ್ತು ಚಿತ್ರ. ಯಾವುದಾದರೂ ಒಂದು ಕೊಡವ ಮದುವೆಯ ಪೂರ್ತಿ ಫೋಲ್ಡರ್ ತೋರಿಸಿ ಎನ್ನಿ. ನೇರವಾಗಿ ಹಿರಿಯರು ಅಕ್ಕಿ ಹಾಕಿ ಹರಸುವ ಭಾಗಕ್ಕೆ ಹೋಗಿ. ನಮ್ಮಲ್ಲಿ ಪುರೋಹಿತರಿಲ್ಲ, ಮದುವೆ ನಡೆಯುವುದೇ ಆ ಹರಸುವಿಕೆಯಲ್ಲಿ. ಮುಕ್ಕಾಲಿಯ ಮೇಲೆ ಕೂತವರಿಗೆ ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಚೊಂಬು) ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹೋಗುತ್ತಾರೆ. 600 ಜನ ಬಂದು ಒಬ್ಬರಿಗೆ 15 ಸೆಕೆಂಡ್ ಹಿಡಿದರೂ ಎರಡೂವರೆ ಗಂಟೆ. ಅಭ್ಯಾಸವಿಲ್ಲದವರು ಎದುರಿಗೆ ನಿಂತು ತೆಗೆಯುತ್ತಾರೆ, ಫೋಟೋದಲ್ಲಿ ಸಿಗುವುದು ಬಗ್ಗಿದ ಹಿರಿಯರ ಬೆನ್ನು. ಸರಿಯಾದ ಜಾಗ ಪಕ್ಕದಲ್ಲಿ, ಹರಸುವವರ ಮುಖ, ಕೈಯ ಅಕ್ಕಿ, ಮದುಮಗಳ ಮುಖ ಮೂರೂ ಒಟ್ಟಿಗೆ ಕಾಣುವ ಕೋನದಲ್ಲಿ. ಇನ್ನೊಬ್ಬ ದೂರದಿಂದ 70–200 ಎಂಎಂ ಜೂಮ್ ಲೆನ್ಸ್‌ನಲ್ಲಿ ಸಾಲನ್ನು ತೆಗೆಯಲಿ. ಎರಡು ಗಂಟೆ ಬಿಡದೆ ಹೊಡೆದರೆ ಫ್ಲ್ಯಾಷ್ ಬಿಸಿಯಾಗಿ ನಿಂತುಬಿಡುತ್ತದೆ, ಆದ್ದರಿಂದ ಎರಡನೇ ಫ್ಲ್ಯಾಷ್ ಇದೆಯೇ ಕೇಳಿ. ಮುಂದಿನ ವರ್ಷಗಳಲ್ಲಿ ಮನೆಯವರು ಹುಡುಕುವುದು ಆ ಹಿರಿಯರ ಮುಖಗಳನ್ನೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮದುವೆಯಲ್ಲಿ ಗೌರವಕ್ಕಾಗಿ ನೆಟ್ಟ ಬಾಳೆದಿಂಡನ್ನು ಕತ್ತಿಯಿಂದ ಕಡಿಯುವುದು ಒಂದೇ ಏಟಿನ ಕೆಲಸ. ಶಟರ್ 1/1000 ಸೆಕೆಂಡ್ ಅಥವಾ ಅದಕ್ಕೂ ವೇಗ ಇಟ್ಟು, ಕತ್ತಿ ಬೀಸುವ ದಿಕ್ಕು ಬಿಟ್ಟು ನಿಲ್ಲಬೇಕು. ಇನ್ನೊಬ್ಬರ ಕತ್ತಿಯ ಮುಂದೆ ಕ್ಯಾಮೆರಾ ಹಿಡಿದು ನುಗ್ಗುವವರು ಬೇಡವೇ ಬೇಡ.

ಮೂರ್ನಾಡು ಮಂಜು:
ಮೇಲಿನವರು ಹೇಳಿದ್ದು ಸರಿ, ಬೆಳಕಿನ ವಿಚಾರ ಸೇರಿಸುತ್ತೇನೆ. ಹುಡುಗನ ಕುಪ್ಯ (ಉದ್ದ ನಿಲುವಂಗಿ) ಬೆಳ್ಳಗೆ, ಹುಡುಗಿಯ ಸೀರೆ ಕೆಂಪು. ಫ್ಲ್ಯಾಷ್ ನೇರ ಹೊಡೆದರೆ ಕುಪ್ಯ ಬಿಳಿ ಕಾಗದದಂತಾಗಿ ಹೊಲಿಗೆಯೂ ಕಾಣುವುದಿಲ್ಲ, ಕೆಂಪು ರೇಷ್ಮೆ ಬಣ್ಣದ ಗಡ್ಡೆಯಾಗಿ ನೆರಿಗೆ ಮಾಯ. ರಾ ಫೈಲ್‌ನಲ್ಲಿ (ಕ್ಯಾಮೆರಾ ಕುಗ್ಗಿಸದೆ ಉಳಿಸುವ ಮೂಲ ಫೈಲ್) ತೆಗೆದು, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿಟ್ಟರೆ ಎರಡೂ ಉಳಿಯುತ್ತವೆ. ಸ್ಯಾಂಪಲ್ ನೋಡುವಾಗ ಚಿತ್ರ ಹಿಗ್ಗಿಸಿ ಕುಪ್ಯದ ಮಡಿಕೆ, ಸೀರೆಯ ಜರಿ ನೋಡಿ.

ಎತ್ತರದ ಛಾವಣಿಯ ಹಾಲ್‌ಗಳಲ್ಲಿ ಮೇಲಕ್ಕೆ ಫ್ಲ್ಯಾಷ್ ಹೊಡೆದರೆ ಬೆಳಕು ಹಿಂದಿರುಗಿ ಬರುವುದಿಲ್ಲ. ಎರಡು ಸ್ಟ್ಯಾಂಡ್ ಲೈಟ್ ತರುತ್ತಾರಾ ಕೇಳಿ. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ವಿಡಿಯೋದ ಶಟರ್ 1/50 ಅಥವಾ 1/100 ಸೆಕೆಂಡ್ ಇಡದಿದ್ದರೆ ಅಡ್ಡಪಟ್ಟಿ ಓಡುತ್ತದೆ, ಆಮೇಲೆ ಎಡಿಟಿಂಗ್‌ನಲ್ಲಿ ತೆಗೆಯುವುದು ದೊಡ್ಡ ತಲೆನೋವು.

ಗಂಗಾಪೂಜೆಯನ್ನು ಹಗುರವಾಗಿ ನೋಡಬೇಡಿ. ತಲೆ ಮೇಲೆ ಕೊಡ ಹೊತ್ತ ಮದುಮಗಳ ಎದುರು ವಾಲಗಕ್ಕೆ ಕುಣಿಯುವವರು ದಾರಿ ಬಿಡದೆ ಒಂದು ಗಂಟೆಗೂ ಹೆಚ್ಚು ನಿಲ್ಲಿಸಬಹುದು. ಕತ್ತಲು, ಬಾವಿಯ ಸುತ್ತ ಕೆಸರು. ವಿಡಿಯೋ ಲೈಟ್ ಅವಳ ಕಣ್ಣಿಗೆ ನೇರ ಬೀಳದಂತೆ ಪಕ್ಕದಿಂದ ಎತ್ತರಕ್ಕೆ ಹಿಡಿಯಲು ಒಬ್ಬ ಸಹಾಯಕ ಬೇಕು. ಬೆಳಗ್ಗೆ ಐದಕ್ಕೆ ಎದ್ದ ತಂಡ ಒಂಬತ್ತಕ್ಕೆ ಪ್ಯಾಕ್ ಮಾಡುವುದು ಸಾಮಾನ್ಯ, ಆದ್ದರಿಂದ "ಗಂಗಾಪೂಜೆ ಮುಗಿಯುವವರೆಗೆ" ಎಂದೇ ಬರೆಸಿ, ಗಂಟೆ ಲೆಕ್ಕದಲ್ಲಿ ಬೇಡ. ಏಪ್ರಿಲ್ ಕೊನೆಯೆಂದರೆ ಸಂಜೆ ಮಳೆ ಹೊಡೆಯಬಹುದು, ಕ್ಯಾಮೆರಾಕ್ಕೆ ರೈನ್ ಕವರ್ ಇರಲಿ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುತ್ತದೆ, ಬ್ಯಾಗ್ ತೆರೆಯದೆ ಕಾಲು ಗಂಟೆ ಬಿಡಬೇಕು.

ಕಾಫಿಹೂ:
ಬಹಳ ಉಪಕಾರವಾಯಿತು. ಡ್ರೋನ್? ಒಪ್ಪಂದ, ದುಡ್ಡು ಹೇಗೆ?

ಬೇತು ರಸ್ತೆ:
ಡ್ರೋನ್ ಮೊದಲು ಮುಗಿಸುತ್ತೇನೆ. 2021ರ ಡ್ರೋನ್ ನಿಯಮದಂತೆ 250 ಗ್ರಾಂಗಿಂತ ಭಾರದ್ದಕ್ಕೆ ನೋಂದಣಿ ಸಂಖ್ಯೆ ಬೇಕು, ಅದನ್ನು ದುಡ್ಡಿಗೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಕು. ಎರಡನ್ನೂ ತೋರಿಸದಿದ್ದರೆ ಉಚಿತವಾದರೂ ಬೇಡ. ಮುಹೂರ್ತದ ಹೊತ್ತು ಒಳಗೆ ಹಾರಿಸಿದರೆ ಅದರ ಸದ್ದಿನಲ್ಲಿ ವಾಲಗವೂ ಕೇಳುವುದಿಲ್ಲ.

ದುಡ್ಡು: ಮುಂಗಡ ಕಾಲು ಭಾಗ, ಮದುವೆ ದಿನ ಅರ್ಧ, ಉಳಿದ ಕಾಲು ಭಾಗ ಆಲ್ಬಮ್ ಕೈಗೆ ಬಂದ ಮೇಲೆ. ಪೂರ್ತಿ ಕೊಟ್ಟರೆ ಆಲ್ಬಮ್ ಮುಂದಿನ ಸೀಸನ್‌ಗೆ ಹೋಗುತ್ತದೆ. ಬರುವವರ ಹೆಸರು ಒಪ್ಪಂದದಲ್ಲಿರಲಿ. ಒಳ್ಳೆಯ ಮುಹೂರ್ತದ ದಿನ ಮೂರು ಕೆಲಸ ಹಿಡಿದು ಪರಿಚಯವಿಲ್ಲದ ಹುಡುಗರನ್ನು ಕಳಿಸುವುದು ಇಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ.

ಒಂದೇ ಫೋಟೋ ಎರಡು ಕಾರ್ಡ್‌ಗೆ ಬರೆಯುವ ಕ್ಯಾಮೆರಾ ಇರಲಿ. 100 ಎಂಬಿಪಿಎಸ್‌ನ ವಿಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ. ನೀವೇ ಎರಡು ಹಾರ್ಡ್‌ಡಿಸ್ಕ್ ಕೊಡಿ, ಒಂದೊಂದು ಮನೆಗೆ ಒಂದು. ನಿಮ್ಮ ಕೈಗೆ ಬರುವವರೆಗೆ ಕಾರ್ಡ್ ಅಳಿಸಬಾರದು ಎಂದು ಬರೆಸಿ.

ಆಯ್ಕೆ ಕೇಳಿದಿರಿ. ಬೆಂಗಳೂರಿನವರು ಕೊಡವ ಮದುವೆಯ ಪೂರ್ತಿ ಫೋಲ್ಡರ್ ತೋರಿಸಲು ಆಗದಿದ್ದರೆ ಗೋಣಿಕೊಪ್ಪದವರಿಗೇ ಕೊಡಿ, ಉಳಿದ ದುಡ್ಡಿನಲ್ಲಿ ಇನ್ನೊಬ್ಬ ಸ್ಟಿಲ್ ಫೋಟೋಗ್ರಾಫರ್ ಹಾಕಿಸಿ.

ನೆರಳುಬೆಳಕು:
ಆಲ್ಬಮ್ ಬಗ್ಗೆ ಒಂದು ಮಾತು. 12×36 ಇಂಚಿನ 30 ಶೀಟ್ ಎಂದರೆ ಶೀಟಿಗೆ ಐದರಂತೆ 150 ಫೋಟೋ. ಆರಿಸುವ ಕೆಲಸ ಎರಡೂ ಮನೆಯಿಂದ ಒಬ್ಬೊಬ್ಬರಿಗೆ ವಹಿಸಿ, 20 ದಿನದ ಗಡುವು ಹಾಕಿಕೊಳ್ಳಿ, ತಡವಾಗುವುದು ಅರ್ಧ ಪಾಲು ಅಲ್ಲೇ. ಹೊಳಪಿನ ಕಾಗದ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮ್ಯಾಟ್ ಕಾಗದ ಹೇಳಿ. ಜೂನ್‌ಗೆ ಮೊದಲು ಕೈಗೆ ಬಂದರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಮಳೆ ಬಿಟ್ಟಾಗ ತೆಗೆದು ಪುಟ ತಿರುವಿ.