ಪದಚರ್ಚೆ: ಕುಶನ್‌ಗೆ ತಗುಲಿದ ಚೆಂಡು ‘ಪುಟಿಯುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಮೆರಿಕದಲ್ಲಿ ನನ್ನ ಹಾಗೆ ಬೇಸ್‌ಮೆಂಟ್‌ನಲ್ಲಿ ಪೂಲ್ ಟೇಬಲ್ (ಕೋಲಿನಿಂದ ಚೆಂಡು ಹೊಡೆದು ಪಾಕೆಟ್‌ಗೆ ಬೀಳಿಸುವ ಆಟದ್ದು) ಇಟ್ಟುಕೊಂಡ ಕನ್ನಡದವರು ಇದ್ದಾರೆ. ಹಳೆ ಟೇಬಲ್‌ಗೆ ಹೊಸ ರೈಲ್, ಅಂದರೆ ಸುತ್ತಲಿನ ಅಂಚು, ಹಾಕಿಸಿದರೆ ಆಟ ಹೇಗೆ ಬದಲಾಗುತ್ತದೆ ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಭಾಗಗಳ ಹೆಸರು ಹೇಗೋ ಹೊಂದಿಕೊಂಡವು. ಕ್ರಿಯಾಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಹೆಸರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟೇಬಲ್ ಸುತ್ತಲಿನ ಮರದ ಪಟ್ಟಿ, ಅದರ ಒಳಬದಿಗೆ ಅಂಟಿಸಿದ ರಬ್ಬರ್, ಮೇಲೆ ಬಿಗಿದ ಬಟ್ಟೆ, ಇಷ್ಟೂ ಸೇರಿದ್ದಕ್ಕೆ ಇಲ್ಲಿಯವರು ರೈಲ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಬಿಲಿಯರ್ಡ್ಸ್, ಸ್ನೂಕರ್ ಆಡುವವರ ಬಾಯಲ್ಲಿ ಅದು ಕುಶನ್. ಕನ್ನಡದಲ್ಲಿ ‘ರೈಲು ಬದಲಾಯಿಸಿದೆ’ ಅಂತ ಬರೆದರೆ ಓದುವವರ ಕಣ್ಣಿಗೆ ಬರುವುದು ಸ್ಟೇಷನ್. ಅದಕ್ಕೇ ಮರಕ್ಕೆ ‘ಅಂಚುಪಟ್ಟಿ’, ರಬ್ಬರ್‌ಗೆ ‘ಕುಶನ್’ ಅಂತ ಇಟ್ಟುಕೊಂಡಿದ್ದೇನೆ. ಈ ಎರಡನ್ನೂ ಬೇರೆ ಹೇಳಲೇಬೇಕು. ಕೆಲವರು ರಬ್ಬರ್ ಮಾತ್ರ ಕಿತ್ತು ಹೊಸದು ಅಂಟಿಸುತ್ತಾರೆ, ಕೆಲವರು ಮರದ ಸಮೇತ ಹೊಸದು ತರಿಸುತ್ತಾರೆ.

ಈಗ ತೊಡಕಿನ ಮಾತು. ವರ್ಷ ಕಳೆದ ಹಾಗೆ ರಬ್ಬರ್ ಪೆಡಸಾಗುತ್ತದೆ. ಉಗುರಿನಿಂದ ಒತ್ತಿದರೆ ತಗ್ಗುವುದೇ ಇಲ್ಲ. ಬಟ್ಟೆ ಬಿಚ್ಚಿ ನೋಡಿದರೆ ಕೆಲವು ಕಡೆ ಪುಡಿ ಉದುರುತ್ತದೆ. (‘ಪೆಡಸು’ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ‘ಗಟ್ಟಿ’ ಅಂದರೆ ಹೊಗಳಿದ ಹಾಗಾಗುತ್ತದೆ.) ಅಂಥ ಕುಶನ್‌ಗೆ ತಗುಲಿದ ಚೆಂಡು ವೇಗ ಕಳೆದುಕೊಂಡು ಸಪ್ಪೆಯಾಗಿ ವಾಪಸ್ ಬರುತ್ತದೆ. ಹೊಸ ರಬ್ಬರ್ ಹಾಕಿದ ಮೇಲೆ ಅದೇ ಹೊಡೆತಕ್ಕೆ ಎಷ್ಟೋ ದೂರ ಓಡುತ್ತದೆ. ಸ್ಪರ್ಧೆಯ ಟೇಬಲ್‌ಗೆ ವಿಶ್ವ ಪೂಲ್ ಸಂಘದ ಒಂದು ಅಳತೆಯೇ ಇದೆ: ಬಲವಾಗಿ, ನೇರವಾಗಿ ಹೊಡೆದ ಚೆಂಡು ಟೇಬಲ್‌ನ ಉದ್ದವನ್ನು ಕನಿಷ್ಠ 4ರಿಂದ 4.5 ಸಲ ಓಡಬೇಕು.

ಇದಕ್ಕೆ ‘ಚೆಂಡು ಚೆನ್ನಾಗಿ ಪುಟಿಯುತ್ತದೆ’ ಅಂತ ಬರೆದೆ. ಓದಿ ನೋಡಿದರೆ ಸಮಾಧಾನ ಆಗಲಿಲ್ಲ. ‘ಪುಟಿ’ ಅಂದ ತಕ್ಷಣ ನಮ್ಮ ಕಿವಿಗೆ ಚೆಂಡು ಮೇಲಕ್ಕೆ ಹೋಗುತ್ತದೆ, ಅಲ್ವಾ? ಕ್ರಿಕೆಟ್ ವರದಿಯಲ್ಲಿ ಚೆಂಡು ಪಿಚ್ ಮೇಲೆ ಬಿದ್ದು ಪುಟಿಯುತ್ತದೆ. ಸೋಲುತ್ತಿದ್ದ ತಂಡ ಪುಟಿದೇಳುತ್ತದೆ. ಪೂಲ್ ಚೆಂಡು ಕುಶನ್‌ನಿಂದ ವಾಪಸ್ ಬರುವಾಗ ಬಟ್ಟೆಗೆ ಅಂಟಿಕೊಂಡೇ ಬರಬೇಕು, ಮೇಲೆ ಏಳಲೇಬಾರದು.

ಕುಶನ್ ತಪ್ಪಾಗಿ ಕೂತರೆ ಅದು ಏಳುವುದೂ ಉಂಟು. ಅದಕ್ಕೇ ಈ ಪದ ನನ್ನನ್ನು ಇಷ್ಟು ಕಾಡುತ್ತಿದೆ. ಪೂಲ್ ಚೆಂಡಿನ ಅಡ್ಡಳತೆ 57.15 ಮಿ.ಮೀ. ಕುಶನ್‌ನ ಮುಂತುದಿ ಚೆಂಡಿನ ಎತ್ತರದ ಸುಮಾರು 63.5 ಶೇಕಡಾದಷ್ಟು ಎತ್ತರದಲ್ಲಿರಬೇಕು. ಲೆಕ್ಕ ಹಾಕಿದರೆ ಬಟ್ಟೆಯ ಕೆಳಗಿನ ಸ್ಲೇಟ್ ಕಲ್ಲಿನ ಹಾಸಿನಿಂದ 36 ಮಿ.ಮೀ. ಚಿಲ್ಲರೆ. ಅಂದರೆ ಚೆಂಡಿನ ನಡುಮಟ್ಟಕ್ಕಿಂತ ಏಳೆಂಟು ಮಿ.ಮೀ. ಮೇಲೆ. ತುದಿ ಇದಕ್ಕಿಂತ ಕೆಳಗಿಳಿದರೆ ಜೋರು ಹೊಡೆತಕ್ಕೆ ಚೆಂಡು ಮೇಲಕ್ಕೆ ಹಾರುತ್ತದೆ. ತೀರಾ ಮೇಲೇರಿದರೆ ಚೆಂಡನ್ನು ಹಾಸಿನ ಮೇಲೆ ಅದುಮಿಬಿಡುತ್ತದೆ, ಹೊಸ ರಬ್ಬರ್ ಇದ್ದೂ ಓಟ ಸಾಯುತ್ತದೆ. ಮನೆ ಟೇಬಲ್‌ಗಳಲ್ಲಿ ಜಾಸ್ತಿ ಕಾಣುವ ರಬ್ಬರ್ ಆಕಾರಕ್ಕೆ ಕೆ-66 ಅಂತ ಹೆಸರು. ಇನ್ನೊಂದು ಕೆ-55. ಒಂದರ ಅಳತೆಗೆ ಕೊರೆದ ಮರಕ್ಕೆ ಇನ್ನೊಂದನ್ನು ಸುಮ್ನೆ ಅಂಟಿಸಿದರೆ ತುದಿಯ ಎತ್ತರ ತಪ್ಪುತ್ತದೆ. ರಬ್ಬರ್ ಎಷ್ಟು ಮುಂದಕ್ಕೆ ಚಾಚುತ್ತದೆ ಅನ್ನುವುದೂ ತಪ್ಪುತ್ತದೆ. ಎಂಟಡಿಯ ಟೇಬಲ್‌ನಲ್ಲಿ ಒಂದು ಕುಶನ್ ತುದಿಯಿಂದ ಎದುರಿನ ಕುಶನ್ ತುದಿಗೆ 88 ಇಂಚು ಉದ್ದ, 44 ಇಂಚು ಅಗಲ ಜಾಗ ಇರಬೇಕು. ರಬ್ಬರ್ ಮುಂದೆ ಬಂದರೆ ಅದು ಕುಗ್ಗುತ್ತದೆ, ಪಾಕೆಟ್ ಬಾಯಿಯ ಅಳತೆಯೂ ಕೆಡುತ್ತದೆ.

ಹೀಗೆ ಚೆಂಡು ಮೇಲೇಳುವುದಕ್ಕೆ ನನ್ನ ಮಟ್ಟಿಗೆ ‘ಎಗರು’ ಸರಿ. ‘ಕುಶನ್ ತುದಿ ತಗ್ಗಿದೆ, ಚೆಂಡು ಎಗರುತ್ತಿದೆ.’ ಓದಿದವರಿಗೆ ಇದು ದೋಷ ಅಂತ ಕೂಡಲೇ ಗೊತ್ತಾಗುತ್ತದೆ. ಆದರೆ ಒಳ್ಳೆಯ ಕುಶನ್‌ನ ಗುಣಕ್ಕೆ ‘ಪುಟಿ’ ಅಂತಲೇ ಬರೆದರೆ? ಟೇಬಲ್ ಕೆಟ್ಟಿರುವವರು ಚೆಂಡು ನೆಗೆಯುವುದನ್ನು ನೋಡಿ ‘ಹೊಸ ರಬ್ಬರ್ ಅಲ್ವಾ, ಪುಟಿಯುತ್ತಿದೆ’ ಅಂತ ಖುಷಿಪಟ್ಟು ಸುಮ್ಮನಾಗುತ್ತಾರೆ.

ಇನ್ನೊಂದು ಗೊಂದಲ ಓಟದ್ದು. ಕುಶನ್ ಬದಲಾಯಿಸುವಾಗ ಅಂಚುಪಟ್ಟಿಯ ಬಟ್ಟೆ ಬಿಚ್ಚಲೇಬೇಕು. ಹೇಗೂ ಬಿಚ್ಚಿದೆವಲ್ಲ ಅಂತ ಹಾಸಿನ ಬಟ್ಟೆಯನ್ನೂ ಹೊಸದು ಹಾಕಿಸುತ್ತಾರೆ. ಹೊಸ ಬಟ್ಟೆ ನುಣುಪು. ಅದರ ಮೇಲೆ ಚೆಂಡು ಉರುಳಿದಷ್ಟೂ ಉರುಳುತ್ತದೆ, ಪಕ್ಕಕ್ಕೆ ಕೊಟ್ಟ ಸ್ಪಿನ್ ಕುಶನ್ ಮೇಲೆ ಮೊದಲಿನಷ್ಟು ಹಿಡಿಯುವುದಿಲ್ಲ. ‘ಟೇಬಲ್ ಫಾಸ್ಟ್ ಆಯ್ತು’ ಅಂದರೆ ಬಟ್ಟೆಯಿಂದಲೋ ರಬ್ಬರ್‌ನಿಂದಲೋ ಗೊತ್ತಾಗುವುದಿಲ್ಲ. ಕ್ಯಾರಂನಲ್ಲಿ ಪೌಡರ್ ಉದುರಿಸಿ ‘ಬೋರ್ಡ್ ಫಾಸ್ಟ್ ಆಯ್ತು’ ಅನ್ನುತ್ತೇವಲ್ಲ, ಅದು ಹಲಗೆಯ ಗುಣ, ಚೌಕಟ್ಟಿನದ್ದಲ್ಲ. ಹಾಗಾಗಿ ಬಟ್ಟೆಗೆ ‘ಓಟ’ ಅನ್ನುವ ಪದವನ್ನು ಮೀಸಲಿಡೋಣ ಅಂತಿದ್ದೇನೆ.

ಕೋನ ಬದಲಾಗುವುದನ್ನೂ ಹೇಳಬೇಕು. ಪೆಡಸು ಕುಶನ್ ಚೆಂಡನ್ನು ಎದುರು ಬದಿಗೆ ಸರಿಯಾಗಿ ತಳ್ಳುವುದಿಲ್ಲ. ಅಂಚಿನುದ್ದಕ್ಕೆ ಇದ್ದ ವೇಗ ಮಾತ್ರ ಬಹುಪಾಲು ಉಳಿದಿರುತ್ತದೆ. ಅದಕ್ಕೇ ಓರೆಯಾಗಿ ಬಂದ ಚೆಂಡು ಎದುರಿನ ಪಾಕೆಟ್ ದಾಟಿ ಆಚೆ ಬೀಳುತ್ತದೆ. ಆ ಟೇಬಲ್‌ಗೆ ಕೈ ಕೂತವರು ಹೊಸ ಕುಶನ್ ಮೇಲೆ ಅದೇ ಗುರಿ ಇಟ್ಟರೆ ಚೆಂಡು ಪಾಕೆಟ್‌ಗಿಂತ ಈಚೆಗೇ ಬಂದು ತಗುಲುತ್ತದೆ. ಜೋರಾಗಿ ಹೊಡೆದಷ್ಟೂ ಇದು ಜಾಸ್ತಿ. ಈಚೆಗೆ ಬಿದ್ದರೆ ಆಟಗಾರರು ಶಾರ್ಟ್ ಅನ್ನುತ್ತಾರೆ, ಆಚೆ ಹೋದರೆ ಲಾಂಗ್. ಕ್ರಿಕೆಟ್ ಓದುವವರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ. ನಾನು ‘ಮೊಟಕಾಯಿತು’, ‘ದಾಟಿತು’ ಅಂತ ಬರೆದಿದ್ದೇನೆ. ‘ಮೊಟಕು’ ನನಗೆ ಬಹಳ ಹಿಡಿಸಿದೆ, ನೀವೇನನ್ನುತ್ತೀರಿ?

ಇನ್ನು ಉಳಿದದ್ದು ಮುಖ್ಯ ಪ್ರಶ್ನೆ. ಕುಶನ್ ಚೆಂಡನ್ನು ಅಡ್ಡಲಾಗಿ ವಾಪಸ್ ಕಳಿಸುವ ಗುಣಕ್ಕೆ ಏನನ್ನೋಣ? ‘ಪ್ರತಿಕ್ಷೇಪ’ ಪಠ್ಯಪುಸ್ತಕದ ಪದ, ಆಡುವ ಜಾಗದಲ್ಲಿ ಯಾರ ಬಾಯಿಗೂ ಬರುವುದಿಲ್ಲ. ‘ಚಿಮ್ಮು’ ಅಂದರೆ ಮತ್ತೆ ಮೇಲಕ್ಕೆ ಹೋಗುತ್ತದೆ, ಜೊತೆಗೆ ನೀರು ನೆನಪಾಗುತ್ತದೆ. ನಮ್ಮ ತುಮಕೂರು ಕಡೆ ಕ್ಯಾರಂ ಆಡುವಾಗ ‘ಪಾನು ಅಂಚಿಗೆ ತಟ್ಟಿ ಬಂತು’ ಅನ್ನುತ್ತಿದ್ದೆವು. ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ: ‘ಹೊಸ ಕುಶನ್‌ಗೆ ಚೆಂಡು ಜೋರಾಗಿ ತಟ್ಟಿ ಬರುತ್ತದೆ.’ ಕ್ರಿಯೆಗೆ ಇದು ಸಾಕು, ನಾಮಪದ ಮಾಡಲು ಹೋದರೆ ಕೈಕೊಡುತ್ತದೆ. ‘ಈ ಕುಶನ್‌ನ ತಟ್ಟಿಬರುವಿಕೆ’ ಅಂತ ಯಾರು ಹೇಳುತ್ತಾರೆ?

ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಕ್ಯಾರಂನಲ್ಲೋ ಗೋಲಿಯಲ್ಲೋ ಗೋಡೆಗೆ, ಅಂಚಿಗೆ ತಗುಲಿ ವಾಪಸ್ ಬರುವುದಕ್ಕೆ ಏನನ್ನುತ್ತೀರಿ? ಆ ಪದವನ್ನು ಒಂದು ಪೂರ್ತಿ ವಾಕ್ಯದಲ್ಲಿ, ಆಡುವ ಹಾಗೆಯೇ ಬರೆದು ಕಳಿಸಿ.