ಪದಚರ್ಚೆ: ಪ್ರೋಟೀನ್ ಪೊರೆಗೆ ‘ಸೇರುತ್ತದೋ’, ‘ಹಾಯುತ್ತದೋ’?

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳ ಬಗ್ಗೆ ಟಿಪ್ಪಣಿ ಬರೆಯುವಾಗ ‘ಇನ್ಸರ್ಶನ್’ಗೆ ‘ಸೇರ್ಪಡೆ’ ಎಂದು ಹಾಕಿದ್ದೆ. ಒಬ್ಬ ಹುಡುಗಿ ಕೇಳಿದಳು: “ಸಕ್ಕರಿ ಹಾಲಿನ್ಯಾಗ ಸೇರಿದಂಗೇನ್ರೀ ಸರ್?” ಅಲ್ಲ. ರೈಬೋಸೋಮ್ ಪ್ರೋಟೀನಿನ ಎಳೆ ಹೆಣೆಯುತ್ತಿರುವಾಗಲೇ ಆ ಎಳೆ ಕೋಶದೊಳಗಿನ ಪೊರೆಯ ಸೆಕ್61 ಎಂಬ ಕಿಂಡಿಯೊಳಗೆ ಇಳಿಯುತ್ತದೆ. ನೀರಿಗೆ ಒಗ್ಗದ, ಸುಮಾರು 20 ಅಮೈನೋ ಆಮ್ಲಗಳ ತುಂಡು ಬಂದಾಗ ಕಿಂಡಿ ಪಕ್ಕಕ್ಕೆ ಬಾಯಿ ತೆರೆಯುತ್ತದೆ. ತುಂಡು ಕೊಬ್ಬಿನ ಪದರದೊಳಗೆ ಸರಿದು ನಿಲ್ಲುತ್ತದೆ. ಆ ಪದರದಲ್ಲಿ ನೀರಿಗೆ ಒಗ್ಗದ ನಡುಭಾಗದ ದಪ್ಪ ಸುಮಾರು 3 ನ್ಯಾನೋಮೀಟರ್. ಸುರುಳಿಯಾದ ಆ ತುಂಡಿನ ಉದ್ದವೂ ಅಷ್ಟೇ!

ಅವ್ವ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದುದು ನೆನಪಾಯಿತು. ದಾರ ಬಟ್ಟೆ ಹಾಯ್ದು ಆಚೆ ಹೋಗಿ, ಮತ್ತೆ ಈಚೆ ಬರುತ್ತದೆ. ಕಣ್ಣಿನಲ್ಲಿ ಬೆಳಕು ಹಿಡಿಯುವ ರೋಡಾಪ್ಸಿನ್ ಎಂಬ ಪ್ರೋಟೀನ್ ಕೂಡ ಹೀಗೇ ಪೊರೆಯನ್ನು 7 ಸಲ ಹಾಯುತ್ತದೆ. ಅದಕ್ಕೇ ‘ಪೊರೆ ಹಾಯ್ದ ಪ್ರೋಟೀನ್’ ಎನ್ನೋಣ ಅಂತಿದ್ದೇನೆ. ಆದರೆ ನಮ್ಮ ಕಡೆ ಎತ್ತು ತಿವಿದರೂ ‘ಹಾಯ್ತು’ ಅಂತಾರೆ. ತೊಂದರೆ ಆಗುತ್ತಾ?

ಎರಡನೆಯ ಪದ ‘ಓರಿಯಂಟೇಶನ್’, ಅದು ಜಾಸ್ತಿ ಕಷ್ಟ. ಕಸೂತಿಯ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಪ್ರೋಟೀನಿಗೆ ಉಲ್ಟಾ-ಸುಲ್ಟಾ ಇದೆ. ಇನ್ಸುಲಿನ್ ಗ್ರಾಹಕ ಎಂಬ ಪ್ರೋಟೀನನ್ನೇ ನೋಡಿ: ಇನ್ಸುಲಿನ್ ಹಿಡಿಯುವ ಭಾಗ ಕೋಶದ ಹೊರಗೇ ಇರಬೇಕು, ಸುದ್ದಿ ಮುಟ್ಟಿಸುವ ಭಾಗ ಒಳಗೇ ಇರಬೇಕು. ಇದನ್ನು ತೀರ್ಮಾನಿಸುವುದರಲ್ಲಿ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳ ಧನ ವಿದ್ಯುದಂಶಕ್ಕೆ ದೊಡ್ಡ ಪಾತ್ರವಿದೆ. ಪೊರೆ ಹಾಯ್ದ ತುಂಡುಗಳ ನಡುವಿನ ಎಳೆಯ ಕುಣಿಕೆಗಳಲ್ಲಿ, ಅವು ಹೆಚ್ಚಿರುವ ಕುಣಿಕೆ ಸಾಮಾನ್ಯವಾಗಿ ಒಳಗಡೆಯೇ ಉಳಿಯುತ್ತದೆ. ಸ್ವೀಡನ್ನಿನ ವಿಜ್ಞಾನಿ ಗುನ್ನಾರ್ ಫಾನ್ ಹೈನೆ 1986ರಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿ ಇದನ್ನು ತೋರಿಸಿದರು.

ಈ ‘ಓರಿಯಂಟೇಶನ್’ಗೆ ‘ಅಭಿವಿನ್ಯಾಸ’ ಎಂದರೆ ಮಕ್ಕಳು ಡಿಸೈನ್ ಅಂದುಕೊಳ್ಳುತ್ತಾರೆ. ‘ದಿಕ್ಕು’ ಎಂದರೆ ತಪ್ಪೇ ಆಗುತ್ತದೆ. ಪ್ರೋಟೀನ್ ಪೊರೆಯಲ್ಲಿ ತೇಲುತ್ತದೆ, ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಒಳಗಿನ ತುದಿ ಹೊರಗೆ ಬರುವುದು ಮಾತ್ರ ತೀರಾ ಅಪರೂಪ. ಅಂದರೆ ದಿಕ್ಕು ಬದಲಾಗುತ್ತದೆ, ಮಗ್ಗುಲು ಬದಲಾಗುವುದಿಲ್ಲ.

‘ಮಗ್ಗುಲು’! ನಿದ್ದೆಯಲ್ಲಿ ನಾವು ಮಗ್ಗುಲು ಬದಲಿಸುತ್ತೀವಲ್ವಾ, ಪ್ರೋಟೀನ್ ಮಾಡದೇ ಇರುವುದು ಅದನ್ನೇ. ‘ಪೊರೆಯಲ್ಲಿ ಪ್ರೋಟೀನಿನ ಮಗ್ಗುಲು’ ಎಂದು ಬರೆದರೆ ಮೈಸೂರು, ಮಂಗಳೂರು ಕಡೆಯವರಿಗೆ ಈ ಅರ್ಥ ಹೊಳೆಯುತ್ತದಾ, ಇಲ್ಲ ಸುಮ್ನೆ ‘ಪಕ್ಕ’ ಅಂತಲೇ ಕೇಳಿಸುತ್ತದಾ? ದಯವಿಟ್ಟು ತಿಳಿಸಿ.